ಕನ್ನಡ ಮೇಷ್ಟ್ರಾಗಿದ್ದ ಅಪ್ಪನಿಗೆ ಟ್ಯಾಬ್: ಐಪ್ಯಾಡೋ, ಆಂಡ್ರಾಯ್ಡೋ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಒಂದು ಸಲಹೆ ಬೇಕಿತ್ತು. ನಮ್ಮಪ್ಪ ತೀರ್ಥಹಳ್ಳಿ ಕಡೆಯ ಹೈಸ್ಕೂಲಿನಲ್ಲಿ 32 ವರ್ಷ ಕನ್ನಡ ಮೇಷ್ಟ್ರಾಗಿದ್ದವರು. ಈಗ 71 ವರ್ಷ. ಮೂರು ತಿಂಗಳ ಹಿಂದೆ ಕಣ್ಣಿನ ಪೊರೆ ಆಪರೇಷನ್ ಆಯಿತು. ಸಣ್ಣ ಅಕ್ಷರದ ಪುಸ್ತಕ ಹಿಡಿದರೆ ಅರ್ಧ ಗಂಟೆಗೇ ಸುಸ್ತಾಗುತ್ತಾರೆ. ಫೋನಿನ ಪರದೆ ಅವರಿಗೆ ಸಾಲದು. ಹಾಗಾಗಿ ಒಂದು ಟ್ಯಾಬ್ ಕೊಡಿಸೋಣ ಅಂತ ಇದ್ದೇನೆ.

ಹಳೆಯ ಪುಸ್ತಕಗಳ ಸ್ಕ್ಯಾನ್ ಪ್ರತಿ ಓದಬೇಕು. ರಾತ್ರಿ ಊಟ ಆದಮೇಲೆ ಯಕ್ಷಗಾನ ನೋಡಬೇಕು. ಮೊಮ್ಮಗಳ ಜೊತೆ ವಿಡಿಯೋ ಕಾಲ್ ಮಾಡಬೇಕು. ಎಲ್ಲಕ್ಕಿಂತ ಮುಖ್ಯ, ಬರೆಯಬೇಕು. ಅಜ್ಜಿಯ ತವರೂರು ಲಿಂಗನಮಕ್ಕಿ ಹಿನ್ನೀರಿನಲ್ಲಿ ಮುಳುಗಿದ್ದು. ಆ ಊರಿನ ಬಗ್ಗೆ ಅಪ್ಪ ನಾಲ್ಕು ನೋಟ್‌ಬುಕ್ ತುಂಬಾ ಬರೆದಿದ್ದಾರೆ. ಇನ್ನೂ ಮುಗಿದಿಲ್ಲ. ಅವರಿಗೆ ಟೈಪಿಂಗ್ ಬರುವುದಿಲ್ಲ.

ಬಜೆಟ್ 30 ಸಾವಿರ, ಎಳೆದಾಡಿದರೆ 35. ಭಾವ "ಐಪ್ಯಾಡ್ ಬಿಟ್ಟು ಬೇರೆ ಏನೂ ನೋಡಬೇಡ" ಅನ್ನುತ್ತಾರೆ. ಆಫೀಸಿನವರು "ಅಷ್ಟು ದುಡ್ಡು ಯಾಕೆ, ಆಂಡ್ರಾಯ್ಡ್ ಸಾಕು" ಅನ್ನುತ್ತಾರೆ. ಕನ್ನಡಕ್ಕೆ ಯಾವುದು ಒಳ್ಳೆಯದು ಅಂತ ಇಬ್ಬರಿಗೂ ಗೊತ್ತಿಲ್ಲ. ನಿಮ್ಮ ಅನುಭವ ಹೇಳಿ.

ಡಲ್ಲಾಸ್ ಕನ್ನಡಿಗ

ಐಪ್ಯಾಡ್. ಕಣ್ಣು ಮುಚ್ಚಿ ತಗೊಳ್ಳಿ.

ಕಾರಣ ಒಂದೇ, ಆಯಸ್ಸು. ಐಪ್ಯಾಡ್ ಏರ್ 2 ಬಂದದ್ದು 2014ರಲ್ಲಿ. ಅದಕ್ಕೆ 2021ರ ಹೊಸ ತಂತ್ರಾಂಶ ಐಪ್ಯಾಡ್‌ಓಎಸ್ 15 ಕೂಡ ಸಿಕ್ಕಿತು. ನಮ್ಮಮ್ಮ ಮೈಸೂರಿನಲ್ಲಿ ಹಳೆಯದೊಂದನ್ನು ಏಳು ವರ್ಷ ಬಳಸಿದರು. ನಾನು ಇಲ್ಲಿಂದ ವಿಡಿಯೋ ಕಾಲ್ ಮಾಡಿದಾಗ ಒಂದು ದಿನವೂ "ಇದು ಯಾಕೋ ಆಗ್ತಿಲ್ಲ" ಅಂದಿಲ್ಲ. ಮಕ್ಕಳು ದೂರ ಇರುವ ಮನೆಯಲ್ಲಿ ಅದಕ್ಕಿಂತ ದೊಡ್ಡ ಗುಣ ಯಾವುದೂ ಇಲ್ಲ.

ಹುಬ್ಳಿಯಾಂವ

ಅಕ್ಕಾರ, ಅವಸರ ಮಾಡಬ್ಯಾಡ್ರಿ. ಡಲ್ಲಾಸ್ ಸರ್ ಹೇಳಿದ್ದು ಆಯಸ್ಸಿನ ಮಾತು. ನೀವು ಕೇಳಿದ್ದು ಕನ್ನಡದ ಮಾತು. ಎರಡೂ ಬೇರೆ ಬೇರೆ.

ಆಂಡ್ರಾಯ್ಡ್‌ನಲ್ಲಿ ಇಡೀ ಫೋನಿನ ಭಾಷೆಯನ್ನೇ ಕನ್ನಡ ಮಾಡುವ ಸೌಲಭ್ಯ 2014ರ ಆವೃತ್ತಿ ಲಾಲಿಪಾಪ್‌ನಲ್ಲೇ ಬಂತು. ಐಫೋನ್, ಐಪ್ಯಾಡ್‌ಗೆ ಅದು ಬಂದದ್ದು 2025ರಲ್ಲಿ, 18.4 ಆವೃತ್ತಿಯಲ್ಲಿ. ಹತ್ತು ವರ್ಷಕ್ಕಿಂತ ಜಾಸ್ತಿ ವ್ಯತ್ಯಾಸ ರೀ! ಅಷ್ಟು ವರ್ಷ ನಮ್ಮ ಹಿರಿಯರು ಇಂಗ್ಲಿಷ್ ಮೆನು ನೋಡಿ ಅಂದಾಜಿನ ಮೇಲೆ ಒತ್ತುತ್ತಿದ್ದರು.

ಡಲ್ಲಾಸ್ ಕನ್ನಡಿಗ

@ಹುಬ್ಳಿಯಾಂವ ತಡವಾಗಿ ಬಂತು, ಒಪ್ಪಿದೆ. ಆದರೆ ಈಗ ಬಂದಿದೆ ಅಲ್ವಾ? ಈಗ ಕೊಳ್ಳುವವರಿಗೆ ಈಗಿನ ಸ್ಥಿತಿ ಮುಖ್ಯ. ಆಪಲ್ ತಂತ್ರಾಂಶದ 2017ರ ಆವೃತ್ತಿ ಐಓಎಸ್ 11ರಿಂದಲೇ ಕನ್ನಡ ಕೀಲಿಮಣೆ ಇದೆ.

ನುಡಿಗಾರ

ಹಳೆಯದನ್ನೂ ಸ್ವಲ್ಪ ನೆನಪು ಮಾಡಿಕೊಳ್ಳೋಣ. ಇವತ್ತಿನ ಹುಡುಗರಿಗೆ ಇದು ಗೊತ್ತಿಲ್ಲ.

2010-11ರಲ್ಲಿ ಆಂಡ್ರಾಯ್ಡ್ ಫೋನ್ ಕೈಗೆ ಬಂದಾಗ ಕನ್ನಡ ಪುಟ ತೆರೆದರೆ ಬರೀ ಚೌಕದ ಡಬ್ಬಿಗಳು. ಒಪೆರಾ ಮಿನಿ ಬ್ರೌಸರಿನ ಗುಪ್ತ ಸೆಟ್ಟಿಂಗ್ ಪುಟಕ್ಕೆ ಹೋಗಿ, ಸಂಕೀರ್ಣ ಲಿಪಿಗಳನ್ನು ಚಿತ್ರವಾಗಿ ತೋರಿಸು ಎಂಬ ಆಯ್ಕೆಯನ್ನು ಆನ್ ಮಾಡಬೇಕಿತ್ತು. ಆಗ ಸರ್ವರ್ ಕಡೆಯೇ ಅಕ್ಷರಗಳು ಚಿತ್ರಗಳಾಗಿ ಬರುತ್ತಿದ್ದವು. ಅಕ್ಷರ ದೊಡ್ಡದು ಮಾಡಿದರೆ ಮಸುಕು. ಕಾಪಿ ಮಾಡಲು ಆಗುತ್ತಿರಲಿಲ್ಲ. ಆದರೂ ಬಸ್ಸಿನಲ್ಲಿ ಕೂತು ಮೊದಲ ಸಲ ಕನ್ನಡ ಪತ್ರಿಕೆ ಓದಿದಾಗ ಆದ ಖುಷಿ ಇನ್ನೂ ನೆನಪಿದೆ.

2012ರ ಜೆಲ್ಲಿ ಬೀನ್ 4.1ರಲ್ಲಿ ಆಂಡ್ರಾಯ್ಡ್‌ಗೆ ಕನ್ನಡ, ತೆಲುಗು, ಮಲಯಾಳಂ ಸೇರಿದವು. ಅಲ್ಲಿಂದ ಒತ್ತಕ್ಷರಗಳು ಸರಿಯಾದ ಜಾಗದಲ್ಲಿ ಕೂರತೊಡಗಿದವು. ಇದು ತಾನಾಗಿ ಆದದ್ದಲ್ಲ. ಯೂನಿಕೋಡ್, ಅಂದರೆ ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತ, ಬೇಕು ಅಂತ ಹಟ ಹಿಡಿದು ಕೂತ ಎಷ್ಟೋ ಜನ ಕನ್ನಡಿಗರು ಇದಕ್ಕಾಗಿ ಸಂಜೆಯ ಸಮಯ ಕೊಟ್ಟಿದ್ದಾರೆ.

ಶಾಲಿನಿ ಎಸ್

ಒಪೆರಾ ಮಿನಿ! ಹಾಸ್ಟೆಲಿನಲ್ಲಿ ಇಡೀ ಫ್ಲೋರಿನವರ ಫೋನಿಗೆ ನಾನೇ ಆ ಸೆಟ್ಟಿಂಗ್ ಮಾಡಿಕೊಟ್ಟಿದ್ದೆ.

ಕೋಡಿ ಕುಂದಾಪ್ರ

ಭಾರತೀಯ ಲಿಪಿ ಅಂದರೆ ಕಂಪನಿಗಳಿಗೆ ಎಷ್ಟು ಕಷ್ಟ ಅನ್ನುವುದಕ್ಕೆ ಇನ್ನೊಂದು ಉದಾಹರಣೆ. 2018ರ ಫೆಬ್ರವರಿಯಲ್ಲಿ ತೆಲುಗಿನ "ಜ್ಞಾ" ಎಂಬ ಒಂದೇ ಒಂದು ಅಕ್ಷರ ಮೆಸೇಜಿನಲ್ಲಿ ಬಂದರೆ ಐಫೋನಿನ ಆ್ಯಪ್ ಕುಸಿಯುತ್ತಿತ್ತು. 11.2.6 ಆವೃತ್ತಿ ತಂದು ಸರಿ ಮಾಡಿದರು. ತೆಲುಗಿನವರಿಗೆ ಅದು ದಿನ ಬೆಳಗಾದರೆ ಬರೆಯುವ ಅಕ್ಷರ. ಬಿಡುಗಡೆಗೆ ಮೊದಲು ನಮ್ಮ ಭಾಷೆಗಳಲ್ಲಿ ಇನ್ನಷ್ಟು ಪರೀಕ್ಷೆ ಮಾಡಬೇಕು ಅನ್ನುವುದು ನನ್ನ ಅಭಿಪ್ರಾಯ.

ತುಂಗಾತೀರ

ಇಷ್ಟು ಬೇಗ ಇಷ್ಟು ಜನ ಉತ್ತರ ಕೊಟ್ಟದ್ದಕ್ಕೆ ಥ್ಯಾಂಕ್ಸ್. ಆದರೆ ನನ್ನ ದೊಡ್ಡ ಪ್ರಶ್ನೆ ಹಾಗೇ ಉಳಿದಿದೆ. ಟೈಪಿಂಗ್ ಬರದವರು ಬರೆಯುವುದು ಹೇಗೆ?

ಗಣಿತ ಮೇಷ್ಟ್ರು

ಮೇಡಂ, ಇದಕ್ಕೆ ನಾನು ಉತ್ತರ ಕೊಡುತ್ತೇನೆ. ನಾನೂ ನಿವೃತ್ತ ಮೇಷ್ಟ್ರು, 66 ವರ್ಷ. ಕೀಲಿಮಣೆಯಲ್ಲಿ "ಕೃ" ಎಲ್ಲಿದೆ ಅಂತ ಹುಡುಕುವಷ್ಟರಲ್ಲಿ ಹೇಳಬೇಕಾದ ಮಾತೇ ಮರೆತು ಹೋಗುತ್ತಿತ್ತು.

ಆಂಡ್ರಾಯ್ಡ್‌ನ ಗೂಗಲ್ ಕೀಲಿಮಣೆ ಜಿಬೋರ್ಡ್‌ನಲ್ಲಿ ಕನ್ನಡ ಸೇರಿಸುವಾಗ "ಕೈಬರಹ" ಅಂತ ಒಂದು ಆಯ್ಕೆ ಬರುತ್ತದೆ. ಅದನ್ನು ಆರಿಸಿದರೆ ಕೀಲಿಗಳ ಜಾಗದಲ್ಲಿ ಖಾಲಿ ಸ್ಲೇಟು. ಬೆರಳಲ್ಲೋ ಪೆನ್ನಿನಲ್ಲೋ ಬರೆದರೆ ಮೇಲೆ ಅಚ್ಚಿನ ಅಕ್ಷರ ಮೂಡುತ್ತದೆ. ಮೊದಲ ದಿನ ನಾನು "ಶ್ರೀ" ಬರೆದೆ. ಸರಿಯಾಗಿ "ಶ್ರೀ" ಅಂತಲೇ ಬಂತು. ಆಮೇಲೆ ಪರೀಕ್ಷೆ ಮಾಡೋಣ ಅಂತ "ಸ್ವಾತಂತ್ರ್ಯ" ಬರೆದೆ. ಅದೂ ಬಂತು! ಅವತ್ತು ರಾತ್ರಿ ಹನ್ನೊಂದು ಗಂಟೆಯವರೆಗೆ ಬರೆದಿದ್ದೇನೆ.

ಮೇಷ್ಟ್ರುಗಳ ಅಕ್ಷರ ಸಾಮಾನ್ಯವಾಗಿ ದುಂಡಗೆ ಇರುತ್ತದೆ. ನಿಮ್ಮ ತಂದೆಯವರಿಗೆ ಇದು ಬೇಗ ಒಗ್ಗುತ್ತದೆ. ಒಂದೇ ಮಾತು, ಒಂದು ಸಲಕ್ಕೆ ಒಂದೋ ಎರಡೋ ಪದ ಬರೆದು ನಿಲ್ಲಿಸಬೇಕು. ಸಾಲು ಪೂರ್ತಿ ಗೀಚಿದರೆ ತಪ್ಪು ಜಾಸ್ತಿ.

ಹುಬ್ಳಿಯಾಂವ

ನೋಡ್ರಿ ಅಕ್ಕಾರ, ಉತ್ತರ ಸಿಕ್ತು. ಐಪ್ಯಾಡ್‌ಗೆ ಸಿಗುವ ಜಿಬೋರ್ಡ್‌ನಲ್ಲಿ ಈ ಕೈಬರಹ ಇಲ್ಲ.

ಡಲ್ಲಾಸ್ ಕನ್ನಡಿಗ

ಧ್ವನಿಯಿಂದ ಬರೆಯಬಹುದಲ್ಲ? ಹೇಳುತ್ತಾ ಹೋದರೆ ಮುಗಿಯಿತು.

ಗಣಿತ ಮೇಷ್ಟ್ರು

@ಡಲ್ಲಾಸ್ ಕನ್ನಡಿಗ ಅದನ್ನೂ ಮಾಡಿ ನೋಡಿದ್ದೇನೆ ಸರ್. ಗೂಗಲ್‌ನ ಕನ್ನಡ ಧ್ವನಿ ಟೈಪಿಂಗ್ 2017ರಿಂದ ಇದೆ, ಚೆನ್ನಾಗಿಯೇ ಕೆಲಸ ಮಾಡುತ್ತದೆ. ಮೆಸೇಜಿಗೆ ಬಹಳ ಅನುಕೂಲ. ಆದರೆ ಬರೆಯುವ ಕನ್ನಡವೇ ಬೇರೆ, ಬಾಯಿಂದ ಬರುವ ಕನ್ನಡವೇ ಬೇರೆ. ಪೆನ್ನು ಕೈಯಲ್ಲಿದ್ದರೆ ಒಂದು ಪದ ಬರೆದು ನಿಂತು ಯೋಚನೆ ಮಾಡುತ್ತೇವೆ. ಮೈಕಿನ ಮುಂದೆ ನಿಂತು ಯೋಚನೆ ಮಾಡಿದರೆ ಅದು ಕೇಳುವುದನ್ನೇ ನಿಲ್ಲಿಸುತ್ತದೆ. ಊರಿನ ಹೆಸರು, ಮನೆತನದ ಹೆಸರು, ತೋಟದ ಕೆಲಸದ ಪದಗಳು ಬಂದಾಗ ಏನೇನೋ ಬರೆಯುತ್ತದೆ. ಮಲೆನಾಡಿನ ಮಾತಿಗೆ ಕೈಬರಹವೇ ವಾಸಿ.

ತುಂಗಾತೀರ

ಮೇಷ್ಟ್ರೇ, ನಿಮ್ಮ ಮಾತು ಓದಿ ಮನಸ್ಸು ತುಂಬಿ ಬಂತು. ಅಪ್ಪನದ್ದೂ ಹಾಗೇ. ಒಂದು ವಾಕ್ಯ ಬರೆದು ಹತ್ತು ನಿಮಿಷ ಅಂಗಳ ನೋಡುತ್ತಾ ಕೂರುತ್ತಾರೆ.

ರಿಪೇರಿ ಅಂಗಡಿ

ನಾನು ಹದಿನೈದು ವರ್ಷದಿಂದ ಫೋನು, ಟ್ಯಾಬ್ ರಿಪೇರಿ ಮಾಡುತ್ತಿದ್ದೇನೆ. ಅಂಗಡಿಗೆ ಬರುವ ಟ್ಯಾಬ್‌ಗಳಲ್ಲಿ ಎರಡೇ ಕಾಯಿಲೆ ಜಾಸ್ತಿ. ಒಂದು, ಗಾಜು ಒಡೆಯುವುದು. ಎರಡು, ಬ್ಯಾಟರಿ ಊದಿಕೊಂಡು ಪರದೆಯನ್ನು ಮೇಲೆತ್ತುವುದು.

ಕಡಿಮೆ ಬೆಲೆಯ ಮಾಮೂಲಿ ಐಪ್ಯಾಡ್‌ನಲ್ಲಿ ಮೇಲಿನ ಗಾಜು ಬೇರೆ, ಒಳಗಿನ ಡಿಸ್‌ಪ್ಲೇ ಬೇರೆ. ಗಾಜು ಮಾತ್ರ ಒಡೆದರೆ ಅಷ್ಟನ್ನೇ ಬದಲಿಸಬಹುದು. ಎರಡೂ ಅಂಟಿಕೊಂಡಿರುವ ದುಬಾರಿ ಮಾಡೆಲ್‌ಗಳಲ್ಲಿ ಪೂರ್ತಿ ಬದಲಿಸಬೇಕು, ಖರ್ಚು ಜಾಸ್ತಿ. ಹೆಸರೇ ಕೇಳದ ಕಂಪನಿಯ ಅಗ್ಗದ ಆಂಡ್ರಾಯ್ಡ್ ಟ್ಯಾಬ್ ತಂದರೆ ನಾನು ಕೈ ಚೆಲ್ಲುತ್ತೇನೆ. ಬಿಡಿಭಾಗ ಸಿಗುವುದೇ ಇಲ್ಲ. ಯಾವುದೇ ತಗೊಳ್ಳಿ, ನಿಮ್ಮ ಜಿಲ್ಲೆಯಲ್ಲಿ ಸರ್ವಿಸ್ ಸೆಂಟರ್ ಇದೆಯಾ ಅಂತ ಮೊದಲು ನೋಡಿ.

ಇನ್ನೊಂದು. ರಾತ್ರಿಯಿಡೀ ಚಾರ್ಜಿಗೆ ಹಾಕಿ ದಿಂಬಿನ ಕೆಳಗೆ ಇಡಬೇಡಿ. ಬ್ಯಾಟರಿಗೆ ಬಿಸಿ ಆಗಿಬರುವುದಿಲ್ಲ. ಪರದೆ ಸ್ವಲ್ಪ ಎದ್ದ ಹಾಗೆ ಕಂಡರೆ ಅವತ್ತೇ ಬಳಸುವುದು ನಿಲ್ಲಿಸಿ. ಕೈಯಲ್ಲಿ ಒತ್ತಿ ಕೂರಿಸಲು ಹೋಗಬೇಡಿ, ಬೆಂಕಿ ಹತ್ತಿಕೊಳ್ಳಬಹುದು.

ಬಿಎಸ್ಸಿ ಕಲಬುರಗಿ

2021ರಲ್ಲಿ ಸರ್ಕಾರಿ ಕಾಲೇಜಿನವರಿಗೆ ಟ್ಯಾಬ್ ಹಂಚಿದ್ದರು, ನೆನಪಿದೆಯಾ? ನನಗೂ ಸಿಕ್ಕಿತ್ತು. ಮನೆಯಲ್ಲಿ ಇದ್ದದ್ದು ಅಪ್ಪನ ಒಂದೇ ಫೋನು. ಅವರು ಕೆಲಸಕ್ಕೆ ಹೋದರೆ ಕ್ಲಾಸ್ ಇಲ್ಲ. ಟ್ಯಾಬ್ ಬಂದ ಮೇಲೆ ನಾನೂ ತಂಗಿಯೂ ಸರದಿ ಹಾಕಿಕೊಂಡು ಓದಿದೆವು. ಅದರಲ್ಲೇ ಬಿಎಸ್ಸಿ ಮುಗಿಸಿದೆ. ನೀವೆಲ್ಲ ಇಲ್ಲಿ 30 ಸಾವಿರ, 35 ಸಾವಿರ ಅನ್ನುತ್ತಿದ್ದೀರಿ. ಬಹಳ ಜನಕ್ಕೆ ಯಾವ ಓಎಸ್, ಅಂದರೆ ಟ್ಯಾಬ್ ನಡೆಸುವ ತಂತ್ರಾಂಶ ಯಾವುದು ಅನ್ನುವುದು ಪ್ರಶ್ನೆಯೇ ಅಲ್ಲ, ಟ್ಯಾಬ್ ಇದೆಯೋ ಇಲ್ಲವೋ ಅನ್ನುವುದೇ ಪ್ರಶ್ನೆ.

ನುಡಿಗಾರ

@ಬಿಎಸ್ಸಿ ಕಲಬುರಗಿ ಸರಿಯಾಗಿ ಹೇಳಿದಿರಿ. 2011ರ ಅಕ್ಟೋಬರ್‌ನಲ್ಲಿ "ಆಕಾಶ್" ಟ್ಯಾಬ್ ಬಿಡುಗಡೆ ಆದಾಗ ನನಗೆ ಬಹಳ ಆಸೆ ಇತ್ತು. 7 ಇಂಚು, ಆಂಡ್ರಾಯ್ಡ್ 2.2, 256 ಎಂಬಿ ರ‍್ಯಾಮ್, ಒತ್ತಿ ಒತ್ತಿ ಮುಟ್ಟಬೇಕಾದ ರೆಸಿಸ್ಟಿವ್ ಪರದೆ. ಅಷ್ಟು ಕಡಿಮೆ ಬೆಲೆಗೆ ಆಗ ಅಷ್ಟೇ ಸಾಧ್ಯವಿತ್ತು. ಯಂತ್ರ ನಿಧಾನ ಅಂತ ಎಲ್ಲರೂ ಬೈದರು. ನನಗೆ ಬೇಜಾರಾದದ್ದು ಬೇರೆಯದಕ್ಕೆ. ಆ ಆವೃತ್ತಿಯ ಆಂಡ್ರಾಯ್ಡ್‌ಗೆ ಕನ್ನಡವೇ ಬರುತ್ತಿರಲಿಲ್ಲ. ಹಳ್ಳಿ ಮಕ್ಕಳಿಗೆ ಅಂತ ಮಾಡಿದ ಯಂತ್ರಕ್ಕೆ ಹಳ್ಳಿ ಮಕ್ಕಳ ಭಾಷೆ ಗೊತ್ತಿರಲಿಲ್ಲ.

ಬೆಣ್ಣೆದೋಸೆ ದಾವಣಗೆರೆ

ಓಎಸ್ ಮಾತು ಬಂತು ಅಂತ ಹೇಳುತ್ತೇನೆ. ನನ್ನ ಮಟ್ಟಿಗೆ ಇವೆರಡಕ್ಕಿಂತ ಒಳ್ಳೆಯದು ವೆಬ್‌ಓಎಸ್. ತೆರೆದ ಆ್ಯಪ್‌ಗಳು ಇಸ್ಪೀಟ್ ಎಲೆಗಳ ಹಾಗೆ ಸಾಲಾಗಿ ನಿಲ್ಲುತ್ತಿದ್ದವು. ಬೇಡ ಅಂದರೆ ಮೇಲಕ್ಕೆ ತಳ್ಳಿದರೆ ಹೋಯಿತು. ಇವತ್ತು ಎಲ್ಲ ಫೋನಿನಲ್ಲೂ ಮಾಡುತ್ತೇವಲ್ಲ, ಅದೇ ಚಲನೆ. 2009ರಲ್ಲೇ ಪಾಮ್ ಕಂಪನಿ ಅದನ್ನು ಮಾಡಿತ್ತು. ಆಮೇಲೆ ಎಚ್‌ಪಿ ಅದನ್ನು ಕೊಂಡು 2011ರ ಜುಲೈ 1ಕ್ಕೆ ಟಚ್‌ಪ್ಯಾಡ್ ಎಂಬ ಟ್ಯಾಬ್ ತಂದು, ಆಗಸ್ಟ್ 18ಕ್ಕೆ ನಿಲ್ಲಿಸಿಬಿಟ್ಟಿತು. 49 ದಿನ! ಉಳಿದ ಸರಕನ್ನು ಅಮೆರಿಕದಲ್ಲಿ 99 ಡಾಲರಿಗೆ ಮಾರಿದಾಗ ಜನ ಮುಗಿಬಿದ್ದರು. ಈಗ ಆ ಹೆಸರು ಎಲ್‌ಜಿ ಟಿವಿಗಳಲ್ಲಿ ಉಳಿದಿದೆ.

ಶಾಲಿನಿ ಎಸ್

ನಾನು ವಿಂಡೋಸ್ ಫೋನ್ ಅಭಿಮಾನಿ. ಲೂಮಿಯಾ 520, ಹಳದಿ ಬಣ್ಣ. 512 ಎಂಬಿ ರ‍್ಯಾಮ್‌ನಲ್ಲಿ ಬೆಣ್ಣೆಯ ಹಾಗೆ ಓಡುತ್ತಿತ್ತು. ಆ್ಯಪ್ ಮಾಡುವವರು ಬರಲಿಲ್ಲ, ಆ್ಯಪ್ ಇಲ್ಲ ಅಂತ ಜನ ಬರಲಿಲ್ಲ. 2020ರ ಜನವರಿಗೆ ವಿಂಡೋಸ್ 10 ಮೊಬೈಲ್‌ನ ಕಥೆ ಮುಗಿಯಿತು. ಫೋನು ಇನ್ನೂ ಡ್ರಾಯರ್‌ನಲ್ಲಿದೆ. ಎಸೆಯಲು ಮನಸ್ಸು ಬರುವುದಿಲ್ಲ.

ಕೋಡಿ ಕುಂದಾಪ್ರ

ಸತ್ತ ಓಎಸ್‌ಗಳಲ್ಲಿ ಫೈರ್‌ಫಾಕ್ಸ್ ಓಎಸ್ ಪುನರ್ಜನ್ಮ ಪಡೆಯಿತು. 2014ರಲ್ಲಿ ನಮ್ಮಲ್ಲಿ 1,999 ರೂಪಾಯಿಗೆ ಇಂಟೆಕ್ಸ್ ಫೋನಿನಲ್ಲಿ ಬಂತು. ಹೆಚ್ಚು ದಿನ ಉಳಿಯಲಿಲ್ಲ. ಆದರೆ ಅದು ಮುಕ್ತ ತಂತ್ರಾಂಶ. ಹಾಗಾಗಿ ಅದರ ಕೋಡಿನಿಂದ ಬೇರೆಯವರು ಕೈಓಎಸ್ ಮಾಡಿದರು. 2017ರ ಜಿಯೋಫೋನ್‌ನಲ್ಲಿ ಇದ್ದದ್ದು ಅದೇ. ನಮ್ಮೂರ ಮೀನು ಮಾರುವ ಅಮ್ಮಂದಿರ ಕೈಯಲ್ಲೆಲ್ಲ ಆ ಫೋನು ಕಂಡಾಗ ನನಗೆ ನಿಜವಾಗಿ ಹೆಮ್ಮೆ ಆಗುತ್ತಿತ್ತು. ಕೋಡ್ ಮುಕ್ತವಾಗಿದ್ದರೆ ಕಂಪನಿ ಕೈಬಿಟ್ಟರೂ ಕೆಲಸ ಸಾಯುವುದಿಲ್ಲ.

ಅದಕ್ಕೇ ನಾನು ಆಂಡ್ರಾಯ್ಡ್ ಕಡೆ. ಕಂಪನಿ ಅಪ್‌ಡೇಟ್ ನಿಲ್ಲಿಸಿದರೂ ಕೆಲವು ಮಾಡೆಲ್‌ಗಳಿಗೆ ಲೀನಿಯೇಜ್ ಓಎಸ್ ಎಂಬ ಮುಕ್ತ ಆಂಡ್ರಾಯ್ಡ್ ರೂಪ ಹಾಕಿಕೊಂಡು ಇನ್ನೂ ಕೆಲವು ವರ್ಷ ಓಡಿಸಬಹುದು.

ಡಲ್ಲಾಸ್ ಕನ್ನಡಿಗ

@ಕೋಡಿ ಕುಂದಾಪ್ರ 71 ವರ್ಷದ ಮೇಷ್ಟ್ರು ಬೂಟ್‌ಲೋಡರ್ (ಓಎಸ್ ಶುರು ಮಾಡುವ ತಂತ್ರಾಂಶ) ಬೀಗ ತೆಗೆದು ಲೀನಿಯೇಜ್ ಹಾಕುತ್ತಾರಾ? ಕೇಳಿದವರ ಪರಿಸ್ಥಿತಿ ನೋಡಿ ಉತ್ತರ ಕೊಡಿ ಸ್ವಾಮಿ.

ಕೋಡಿ ಕುಂದಾಪ್ರ

ಮೇಷ್ಟ್ರು ಹಾಕಬೇಕಿಲ್ಲ, ಮಗಳು ಹಾಕಬಹುದು. ಅಪ್‌ಡೇಟ್ ವಿಷಯದಲ್ಲೂ ಕಾಲ ಬದಲಾಗಿದೆ. 2023ರಲ್ಲಿ ಪಿಕ್ಸೆಲ್ 8ಕ್ಕೆ, 2024ರಲ್ಲಿ ಗ್ಯಾಲಕ್ಸಿ ಎಸ್24ಕ್ಕೆ ಏಳು ವರ್ಷ ಕೊಡುತ್ತೇವೆ ಅಂತ ಆಯಾ ಕಂಪನಿಗಳೇ ಹೇಳಿವೆ.

ಡಲ್ಲಾಸ್ ಕನ್ನಡಿಗ

ಅವು ದುಬಾರಿ ಫೋನುಗಳು. 15 ಸಾವಿರದ ಎಲ್ಲ ಟ್ಯಾಬ್‌ಗೂ ಏಳು ವರ್ಷ ಕೊಡುತ್ತಾರಾ? ನಮ್ಮ ಮಾವನಿಗೆ ಕೊಡಿಸಿದ ಒಂದು ಆಂಡ್ರಾಯ್ಡ್ ಟ್ಯಾಬ್‌ಗೆ, ಕಂಪನಿ ಹೆಸರು ಬೇಡ, ಎರಡು ವರ್ಷದಲ್ಲಿ ಒಂದೇ ಒಂದು ದೊಡ್ಡ ಅಪ್‌ಡೇಟ್ ಬಂತು.

ಇನ್ನೂ ಒಂದು ವಿಷಯ ಯಾರೂ ಹೇಳಿಲ್ಲ. ಮೋಸ. ವಾಟ್ಸ್ಆ್ಯಪ್‌ನಲ್ಲಿ ಮದುವೆ ಕರೆಯೋಲೆ ಅಂತ, ಟ್ರಾಫಿಕ್ ದಂಡ ಅಂತ ಎಪಿಕೆ ಫೈಲ್, ಅಂದರೆ ಆಂಡ್ರಾಯ್ಡ್ ಆ್ಯಪ್ ಹಾಕುವ ಫೈಲ್, ಕಳಿಸುತ್ತಾರೆ. ಒತ್ತಿ, ಕೇಳಿದ್ದಕ್ಕೆಲ್ಲ ಹೂಂ ಅಂದರೆ ಕಳ್ಳ ಆ್ಯಪ್ ಒಳಗೆ ಕೂರುತ್ತದೆ, ಒಟಿಪಿ ಮೆಸೇಜ್ ಓದುತ್ತದೆ. ಐಪ್ಯಾಡ್‌ನಲ್ಲಿ ಎಪಿಕೆ ಫೈಲ್ ಇನ್‌ಸ್ಟಾಲ್ ಆಗುವುದೇ ಇಲ್ಲ. ಒಬ್ಬರೇ ಇರುವ ಹಿರಿಯರಿಗೆ ಇದು ಸಣ್ಣ ವಿಷಯ ಅಲ್ಲ. ನಮ್ಮ ನೆಂಟರೊಬ್ಬರು ಹೀಗೇ ಪೆನ್ಷನ್ ದುಡ್ಡು ಕಳೆದುಕೊಂಡರು. ಅವತ್ತಿನಿಂದ ನಾನು ಈ ವಿಷಯದಲ್ಲಿ ರಾಜಿ ಆಗುವುದಿಲ್ಲ.

ಹುಬ್ಳಿಯಾಂವ

ಡಲ್ಲಾಸ್ ಸರ್, ಈ ಮಾತು ಪೂರಾ ಒಪ್ಪಿದೆ. ನನಗೂ ಹಿಂಗ ಒಮ್ಮೆ ಬಂದಿತ್ತು, ದೇವರ ದಯೆ, ಒತ್ತಲಿಲ್ಲ.

ಆದ್ರ ಇದಕ್ಕೂ ದಾರಿ ಐತ್ರಿ. ಟ್ಯಾಬ್‌ಗೆ ಸಿಮ್ ಹಾಕಬ್ಯಾಡ್ರಿ, ವೈಫೈ ಮಾಡೆಲ್ ತಗೋರಿ. ಬ್ಯಾಂಕ್ ಆ್ಯಪ್, ಯುಪಿಐ ಯಾವುದೂ ಅದರಲ್ಲಿ ಬ್ಯಾಡ. ಸೆಟ್ಟಿಂಗ್‌ನಲ್ಲಿ ಅಪರಿಚಿತ ಆ್ಯಪ್ ಹಾಕುವ ಅನುಮತಿ ಆಫ್ ಇದೆಯಾ ನೋಡಿರಿ. ಕೆಟ್ಟ ಆ್ಯಪ್ ಹಿಡಿಯುವ ಗೂಗಲ್‌ನ ಪ್ಲೇ ಪ್ರೊಟೆಕ್ಟ್ ಆನ್ ಇರಲಿ. ಒಟಿಪಿ ಬರುವ ಫೋನು ಬೇರೆ, ಓದುವ ಟ್ಯಾಬ್ ಬೇರೆ ಆದರೆ ಅರ್ಧ ಚಿಂತಿ ಕಡಿಮಿ.

ದನಿ

ಎಲ್ಲರಿಗೂ ನಮಸ್ತೆ. ನನಗೆ ದೃಷ್ಟಿ ಇಲ್ಲ. ಪರದೆ ಓದುವ ತಂತ್ರಾಂಶದ ಮೂಲಕ ಈ ಚರ್ಚೆ ಕೇಳುತ್ತಿದ್ದೇನೆ. ತುಂಗಾತೀರ ಅವರ ತಂದೆಗೆ ಕಣ್ಣಿನ ಆಪರೇಷನ್ ಆಗಿದೆ ಅಂದದ್ದಕ್ಕೆ ಬರೆಯುತ್ತಿದ್ದೇನೆ.

ಎರಡೂ ಓಎಸ್‌ಗಳಲ್ಲಿ ಕನ್ನಡ ಓದುವ ದನಿ ಇದೆ. ಆಂಡ್ರಾಯ್ಡ್‌ನಲ್ಲಿ ಟಾಕ್‌ಬ್ಯಾಕ್, ಐಪ್ಯಾಡ್‌ನಲ್ಲಿ ವಾಯ್ಸ್‌ಓವರ್. ಬೆರಳಿನ ಚಲನೆಗಳು ವಾಯ್ಸ್‌ಓವರ್‌ನಲ್ಲಿ ಹೆಚ್ಚು ನಯ ಅನ್ನುವುದು ನನ್ನ ಅನುಭವ. ಕನ್ನಡ ಉಚ್ಚಾರಣೆ ನನಗೆ ಆಂಡ್ರಾಯ್ಡ್‌ನದ್ದು ಹಿಡಿಸಿದೆ. ನಿಮ್ಮ ತಂದೆಗೆ ಇಷ್ಟೆಲ್ಲ ಬೇಕಾಗುವುದಿಲ್ಲ. ಕಣ್ಣು ದಣಿದಾಗ ಒಂದು ಪುಟವನ್ನು ಓದಿಸಿ ಕೇಳಬಹುದು.

ಆದರೆ ಸ್ಕ್ಯಾನ್ ಪುಸ್ತಕಗಳು ಬರೀ ಫೋಟೋಗಳು. ಅವುಗಳನ್ನು ದನಿ ಹಾಗೇ ಓದುವುದಿಲ್ಲ. ಮೊದಲು ಅಕ್ಷರ ಗುರುತಿಸುವ ಒಸಿಆರ್ ಮಾಡಿಸಬೇಕು. ಕನ್ನಡ ಪ್ರಕಾಶಕರು ಯೂನಿಕೋಡ್ ಇ-ಪುಸ್ತಕ ಹೆಚ್ಚು ತಂದರೆ ನನ್ನಂಥವರಿಗೆ ಇಡೀ ಗ್ರಂಥಾಲಯದ ಬಾಗಿಲೇ ತೆರೆಯುತ್ತದೆ. ಇದನ್ನು ಎಲ್ಲಿ ಅವಕಾಶ ಸಿಕ್ಕಿದರೂ ಹೇಳುತ್ತೇನೆ.

ನುಡಿಗಾರ

@ದನಿ ಹೇಳುತ್ತಲೇ ಇರಿ. 2016ರ ಕೊನೆಗೆ ಅಮೆಜಾನ್‌ನ ಕಿಂಡಲ್ ಇ-ಪುಸ್ತಕದ ಅಂಗಡಿಗೆ ಭಾರತೀಯ ಭಾಷೆಗಳು ಬಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಬಂದವು. ಕನ್ನಡ ಇರಲಿಲ್ಲ. ಆಮೇಲೆ ನಮ್ಮವರೇ ಮೈಲ್ಯಾಂಗ್, ಋತುಮಾನ ಅಂತ ಆ್ಯಪ್‌ಗಳನ್ನು ಮಾಡಿಕೊಂಡರು. ತುಂಗಾತೀರ ಅವರೇ, ಓದಲು ಇವನ್ನೂ ನೋಡಿ. ಅಕ್ಷರ ದೊಡ್ಡದು ಮಾಡಿದರೆ ಸಾಲು ತಾನೇ ಹೊಂದಿಕೊಳ್ಳುತ್ತದೆ. ಹಳೆಯ ಸ್ಕ್ಯಾನ್‌ಗಳು ಇಂಟರ್‌ನೆಟ್ ಆರ್ಕೈವ್‌ನಲ್ಲಿ ರಾಶಿ ಇವೆ. 1894ರ ಕಿಟೆಲ್ ನಿಘಂಟೂ ಇದೆ. ಅದನ್ನು ಓದಲು 10-11 ಇಂಚಿನ ಪರದೆ ಬೇಕು. 8 ಇಂಚು ತಗೊಂಡರೆ ಪ್ರತಿ ಪುಟವನ್ನೂ ಎಳೆದಾಡಬೇಕು.

ತುಂಗಾತೀರ

ಎಲ್ಲರ ಮಾತೂ ಬರೆದಿಟ್ಟುಕೊಂಡಿದ್ದೇನೆ. ಒಂದು ಉಪಪ್ರಶ್ನೆ. ಅಪ್ಪನ ಎರಡು ನೋಟ್‌ಬುಕ್ಕುಗಳನ್ನು ಹಿಂದೆ ಊರಿನ ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದ್ದೆವು. ಆ ಫೈಲ್ ನನ್ನ ಫೋನಿನಲ್ಲಿ ತೆರೆದರೆ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರಗಳು ಬರುತ್ತಿವೆ. ಫೈಲ್ ಹಾಳಾಗಿದೆಯಾ?

ನುಡಿಗಾರ

ಹಾಳಾಗಿಲ್ಲ, ಗಾಬರಿ ಬೇಡ! ಅದು ನುಡಿ ಅಥವಾ ಬರಹ ಎಂಬ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಮಾಡಿದ ಫೈಲ್. ಆ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿರುತ್ತಾರೆ. ಫಾಂಟು ಇಲ್ಲದ ಕಡೆ ಕೆಳಗಿನ ಇಂಗ್ಲಿಷ್ ಬಯಲಾಗುತ್ತದೆ. ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಮೊದಲು ಒಂದು ಪುಟ ಬದಲಿಸಿ ನೋಡಿ. ಅರ್ಕಾವತ್ತು ಮತ್ತು ಅಂಕಿಗಳಲ್ಲಿ ತಪ್ಪು ಉಳಿಯುತ್ತದೆ, ಅಪ್ಪನವರೇ ತಿದ್ದಬಹುದು. ಮೂಲ ಫೈಲನ್ನು ಮಾತ್ರ ಅಳಿಸಬೇಡಿ.

ಗಣಿತ ಮೇಷ್ಟ್ರು

ಆ ಎರಡು ನೋಟ್‌ಬುಕ್ಕಿನ ಫೋಟೋ ಕೂಡ ತೆಗೆದು ಎರಡು ಕಡೆ ಇಡಿ. ಮಲೆನಾಡಿನ ಮಳೆಗಾಲ ಕಾಗದಕ್ಕೆ ಒಳ್ಳೆಯದಲ್ಲ.

ಶಾಲಿನಿ ಎಸ್

ಪೆನ್ನಿನ ಲೆಕ್ಕ ಯಾರೂ ಮಾಡಿಲ್ಲ. 2025ರ ಮಾಮೂಲಿ ಐಪ್ಯಾಡ್ 34,900ಕ್ಕೆ ಬಂತು. ಅದಕ್ಕೆ ಯುಎಸ್‌ಬಿ-ಸಿ ಪೆನ್ಸಿಲ್ ಬೇಕೆಂದರೆ ಪ್ರತ್ಯೇಕ 7,900. ಸ್ಯಾಮ್‌ಸಂಗ್ ಟ್ಯಾಬ್ ಎಸ್6 ಲೈಟ್ ಥರದವುಗಳಲ್ಲಿ ಎಸ್ ಪೆನ್ ಪೆಟ್ಟಿಗೆಯಲ್ಲೇ ಬರುತ್ತದೆ. ಅದನ್ನು ಚಾರ್ಜ್ ಮಾಡುವ ಗೋಜೂ ಇಲ್ಲ. ನನ್ನ ಹತ್ತಿರ ಅದೇ ಇದೆ. ಕೈ ಪರದೆಗೆ ತಗುಲಿದರೂ ಗೀಟು ಬೀಳುವುದಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದು ರೂಢಿ ಇರುವವರಿಗೆ ಇದು ದೊಡ್ಡ ಅನುಕೂಲ.

ಯಕ್ಷಗಾನಕ್ಕೆ ಇನ್ನೊಂದು ಮಾತು. ತೀರಾ ಅಗ್ಗದ ಟ್ಯಾಬ್‌ಗಳಲ್ಲಿ ವೈಡ್‌ವೈನ್ ಎಲ್1 ಎಂಬ ವಿಡಿಯೋ ನಕಲು ತಡೆಯುವ ವ್ಯವಸ್ಥೆ ಇರುವುದಿಲ್ಲ. ಆಗ ಕೆಲವು ಒಟಿಟಿ ಆ್ಯಪ್‌ಗಳಲ್ಲಿ ಚಿತ್ರ ಮಸುಕಾಗಿ ಬರುತ್ತದೆ. ಯೂಟ್ಯೂಬ್‌ನ ಮಾಮೂಲಿ ವಿಡಿಯೋಗೆ ಇದರಿಂದ ತೊಂದರೆ ಇಲ್ಲ.

ಡಲ್ಲಾಸ್ ಕನ್ನಡಿಗ

ಸರಿ. ಕೈಬರಹದ ವಿಷಯ ನನಗೆ ಗೊತ್ತಿರಲಿಲ್ಲ. ಮೇಷ್ಟ್ರು ಹೇಳಿದ ಮೇಲೆ ಇಲ್ಲಿ ಹೆಂಡತಿಯ ಆಂಡ್ರಾಯ್ಡ್ ಫೋನಿನಲ್ಲಿ ಮಾಡಿ ನೋಡಿದೆ. ಹದಿನೆಂಟು ವರ್ಷದ ಮೇಲೆ ಕೈಯಲ್ಲಿ ಕನ್ನಡ ಬರೆದೆ. ನನ್ನ ಅಕ್ಷರ ಕೆಟ್ಟಿದೆ, ಆದರೂ "ಚಾಮುಂಡಿ ಬೆಟ್ಟ" ಸರಿಯಾಗಿ ಬಂತು. ಬರೆಯುವುದೇ ಮುಖ್ಯ ಅಂದರೆ ತುಂಗಾತೀರ ಅವರು ಪೆನ್ನಿರುವ ಆಂಡ್ರಾಯ್ಡ್ ತಗೊಳ್ಳಲಿ. ಬರೀ ವಿಡಿಯೋ ಕಾಲ್ ಮತ್ತು ಓದು ಅಂದಿದ್ದರೆ ಈಗಲೂ ಐಪ್ಯಾಡ್ ಅಂತಲೇ ಹೇಳುತ್ತಿದ್ದೆ.

ಹುಬ್ಳಿಯಾಂವ

ದೊಡ್ಡ ಮನಸು ನಿಮ್ದು ಸರ್. ಊರಿಗೆ ಬಂದಾಗ ಹುಬ್ಬಳ್ಳಿ ಕಡೆ ಬರ್ರಿ, ಮಿರ್ಚಿ ಗಿರ್ಮಿಟ್ ತಿನ್ನೋಣ.

ತುಂಗಾತೀರ

ಹನ್ನೆರಡು ದಿನ ಆದಮೇಲೆ ಬರೆಯುತ್ತಿದ್ದೇನೆ. ಪೆನ್ನು ಸಮೇತ ಬರುವ ಆಂಡ್ರಾಯ್ಡ್ ಟ್ಯಾಬ್ ತಗೊಂಡೆ, ವೈಫೈ ಮಾತ್ರ. ಸರ್ವಿಸ್ ಸೆಂಟರ್ ಶಿವಮೊಗ್ಗದಲ್ಲಿದೆ ಅಂತ ಖಾತ್ರಿ ಮಾಡಿಕೊಂಡೆ. ಭಾಷೆ ಕನ್ನಡ, ಅಕ್ಷರ ದೊಡ್ಡದು. ಮೊದಲ ಪುಟದಲ್ಲಿ ಐದೇ ಆ್ಯಪ್. ಅಪರಿಚಿತ ಆ್ಯಪ್ ಅನುಮತಿ ಆಫ್ ಇದೆ ಅಂತ ನೋಡಿದೆ. ಮನೆಯಲ್ಲಿ ನೆಟ್ ಹೋದರೆ ಅಮ್ಮನ ಫೋನಿನ ಹಾಟ್‌ಸ್ಪಾಟ್.

ಅಪ್ಪ ಮೊದಲ ಎರಡು ದಿನ ಮುಟ್ಟಲಿಲ್ಲ. ಮೂರನೇ ದಿನ ನಾನು ಹೇಳಿಕೊಡುವ ಮೊದಲೇ ಪೆನ್ನು ಹಿಡಿದು ಅಜ್ಜಿಯ ಊರಿನ ಹೆಸರು ಬರೆದರು. ಮೇಲೆ ಅಚ್ಚಿನ ಅಕ್ಷರ ಬಂದಾಗ ಅಮ್ಮನನ್ನು ಕರೆದು ತೋರಿಸಿದರು. ಈಗ ದಿನಕ್ಕೆ ಒಂದು ಪುಟ ಆಗುತ್ತಿದೆ. "ಳ" ಬರೆದರೆ ಒಮ್ಮೊಮ್ಮೆ "ಲ" ಬರುತ್ತದೆ ಅಂತ ಅದರ ಜೊತೆ ಜಗಳ ಇದೆ.

ಅಪ್ಪ ಒಂದು ಪ್ರಶ್ನೆ ಕಳಿಸಿದ್ದಾರೆ. "ರ‍್ಯಾಂಕ್" ಬರೆಯಲು ಹೋದರೆ "ರ್ಯಾಂಕ್" ಅಂತ ಅರ್ಕಾವತ್ತು ಬರುತ್ತಿದೆಯಂತೆ. ಇದು ತಪ್ಪು, ಸರಿ ಮಾಡುವುದು ಹೇಗೆ ಅಂತ ಕೇಳುತ್ತಿದ್ದಾರೆ.

ನುಡಿಗಾರ

ಮೇಷ್ಟ್ರು ಅಂದರೆ ಮೇಷ್ಟ್ರು! ಸೂರ್ಯ, ಕಾರ್ಯ ಪದಗಳಿಗೆ ಅರ್ಕಾವತ್ತು ಸರಿ. ರ‍್ಯಾಂಕ್, ರ‍್ಯಾಲಿ ಥರದ ಪದಗಳಿಗೆ ರ ಆದಮೇಲೆ ಕಣ್ಣಿಗೆ ಕಾಣದ ಒಂದು ಜೋಡಕ ಅಕ್ಷರ, ಆಮೇಲೆ ಹಲಂತ, ಆಮೇಲೆ ಯ ಬರಬೇಕು. ಕೈಬರಹದಲ್ಲಿ ಅದನ್ನು ಬರೆಯಲು ಆಗುವುದಿಲ್ಲ. ಸುಲಭದ ದಾರಿ ಹೀಗಿದೆ. ನೀವು ಮೇಲೆ ಸರಿಯಾಗಿ ಬರೆದಿದ್ದೀರಲ್ಲ, ಅದೇ ಪದವನ್ನು ಕಾಪಿ ಮಾಡಿ. ಕೀಲಿಮಣೆಯ ಸೆಟ್ಟಿಂಗ್‌ನಲ್ಲಿ ವೈಯಕ್ತಿಕ ನಿಘಂಟು ಇರುತ್ತದೆ. ಅಲ್ಲಿ ಪೇಸ್ಟ್ ಮಾಡಿ, ಒಂದು ಚಿಕ್ಕ ಸಂಕೇತ ಕೊಟ್ಟು ಇಟ್ಟುಕೊಳ್ಳಿ. ಕೀಲಿಗಳಲ್ಲಿ ಆ ಸಂಕೇತ ಒತ್ತಿದರೆ ಪದ ಸಲಹೆಯಾಗಿ ಬರುತ್ತದೆ.

ಗಣಿತ ಮೇಷ್ಟ್ರು

ನಾನು ಹೀಗೇ ಇಪ್ಪತ್ತು ಪದ ಇಟ್ಟುಕೊಂಡಿದ್ದೇನೆ. ಪಟ್ಟಿ ಇಲ್ಲೇ ಹಾಕುತ್ತೇನೆ, ಸಂಜೆಯೊಳಗೆ. "ಳ" ವಿಷಯಕ್ಕೆ, ಕೊನೆಯ ಸುಳಿಯನ್ನು ಸ್ವಲ್ಪ ದೊಡ್ಡದಾಗಿ ಎಳೆಯಲು ಹೇಳಿ. ನನಗೆ ಅದರಿಂದ ಸರಿ ಹೋಯಿತು.